ಹೊಸ ಹಾರ್ಡ್ ಡಿಸ್ಕ್ ಕೆಟ್ಟಿದೆಯಾ, ಹಳೇ ಪಿಸಿನಾ? ನಾಲ್ಕು ದಾರಿ ಹಿಡಿದು ನೋಡಿದೆ

ಆಲ್ದೂರಿನ ಹತ್ತಿರ ನಮ್ಮ ತೋಟದ ಆಫೀಸಿನಲ್ಲಿ 2009ರ ಒಂದು ಕೋರ್ 2 ಡ್ಯುಯೋ ಪಿಸಿ ಇದೆ. ಆಳುಗಳ ಹಾಜರಿ, ಬಟವಾಡೆ ಲೆಕ್ಕ ಎಲ್ಲಾ ಅದರಲ್ಲೇ. ಜಾಗ ಸಾಲದು ಅಂತ ಜೂನ್‌ನಲ್ಲಿ ಚಿಕ್ಕಮಗಳೂರಿನಿಂದ 1 ಟಿಬಿ ಹಾರ್ಡ್ ಡಿಸ್ಕ್ ತಂದು ಎರಡನೇ ಡಿಸ್ಕ್ ಆಗಿ ಹಾಕಿದೆ. ನೆಟ್ಟಗೆ ನಡೆದದ್ದು ಎರಡೇ ದಿನ. ಆಮೇಲೆ ಒಮ್ಮೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟಪ್ ಪರದೆ) ಕಾಣುತ್ತದೆ, ಇನ್ನೊಮ್ಮೆ ಮಾಯ. ಫೈಲ್ ಕಾಪಿ ಹಾಕಿದರೆ ಅರ್ಧಕ್ಕೇ ನಿಂತುಬಿಡುತ್ತದೆ. ಅಂಗಡಿಗೆ ಫೋನ್ ಮಾಡಿದೆ. "ಡಿಸ್ಕ್ ಹೊಸದು ಸಾರ್, ನಿಮ್ಮ ಸಿಸ್ಟಮ್ಮೇ ಹಳೇದು" ಅಂದರು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್. ಅದೂ /ಆರ್ ಹಾಕಿ, ಅಂದರೆ ಕೆಟ್ಟ ಜಾಗವನ್ನೂ ಹುಡುಕುವ ಹಾಗೆ. ಮೂರು ಗಂಟೆ ಓಡಿ, 5ರಲ್ಲಿ 4ನೇ ಹಂತದಲ್ಲಿದ್ದಾಗ ಮಳೆಗೆ ಕರೆಂಟ್ ಹೋಯಿತು. ಹೋಗದಿದ್ದರೂ ಜಾಸ್ತಿ ಪ್ರಯೋಜನ ಇರಲಿಲ್ಲ ಬಿಡಿ. ಚೆಕ್‌ಡಿಸ್ಕ್ ಕೆಲಸ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ, ಸರಿ ಮಾಡುವುದು. ಡಿಸ್ಕ್‌ನಲ್ಲಿ ಕೆಟ್ಟ ಜಾಗ ಸಿಕ್ಕರೆ ಗುರುತು ಹಾಕಿ ಪಕ್ಕಕ್ಕಿಡುತ್ತದೆ, ತಪ್ಪು ಡಿಸ್ಕಿನದಾ ಪಿಸಿಯದಾ ಅಂತ ಹೇಳುವುದಿಲ್ಲ.

ಆಮೇಲೆ ತಮ್ಮನ ಮಗಳ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಿದೆ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಪವರ್ ಇರುವ ಅಡಾಪ್ಟರೇ ಆಗಬೇಕು. 40 ಜಿಬಿ ಕಾಪಿ ಹಾಕಿದೆ, ಒಂದು ತಕರಾರೂ ಇಲ್ಲ. ಅಂಗಡಿಯವರ ಮಾತೇ ನಿಜವಾ ಅನ್ನಿಸಿತು. ಆದರೆ 1 ಟಿಬಿಯಲ್ಲಿ 40 ಜಿಬಿ ಅಂದರೆ ನೂರಕ್ಕೆ ನಾಲ್ಕು. ನೂರು ಕಾಫಿ ಗಿಡದಲ್ಲಿ ನಾಲ್ಕನ್ನು ನೋಡಿ ತೋಟದಲ್ಲಿ ಬೋರರ್ ಹುಳ ಇಲ್ಲ ಅಂದ ಹಾಗೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಉಳಿದ ಎರಡು.

ಡಿಸ್ಕನ್ನು ಮತ್ತೆ ಪಿಸಿಗೆ ಹಾಕಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ಲೆಕ್ಕ ತೋರಿಸುವ ಪ್ರೋಗ್ರಾಮ್ ಅದು. ನೀಲಿ ಬಣ್ಣದಲ್ಲಿ 'ಗುಡ್' ಅಂತಿತ್ತು. ಅಷ್ಟಕ್ಕೇ ಮುಚ್ಚಿಬಿಡುತ್ತಿದ್ದೆ, ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಸಿ7 ಎದುರು 1ಎ2. ಹೆಕ್ಸ್ (ಹತ್ತರ ಬದಲು ಹದಿನಾರರ) ಲೆಕ್ಕ ಅದು, ಬಿಡಿಸಿದರೆ 418. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಡೇಟಾ ಹೋಗುವಾಗ ಎಷ್ಟು ಸಲ ಕೆಟ್ಟಿತು ಅನ್ನುವ ಎಣಿಕೆ. ಇದು ಏರಿದರೂ ಆ ನೀಲಿ ಬಣ್ಣ ಬದಲಾಗುವುದಿಲ್ಲ! ಒಂದಿಷ್ಟು ಕಾಪಿ ಮಾಡಿ ಮತ್ತೆ ನೋಡಿದೆ, 464. ಪಿಸಿ ಬಿಚ್ಚಿದೆ. ಡಿಸ್ಕಿಗೆ ಹಾಕಿದ್ದು ಹಳೇ ಕೆಂಪು ಸಾಟಾ ಕೇಬಲ್ (ಡೇಟಾ ಹೋಗುವುದು ಇದರಲ್ಲೇ), ಕ್ಲಿಪ್ ಇಲ್ಲದ್ದು. ಬೆರಳು ತಾಗಿದರೆ ಪ್ಲಗ್ ಅಲ್ಲಾಡುತ್ತಿತ್ತು. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿದ ಮೇಲೆ 464ಕ್ಕೇ ನಿಂತಿತು. ಅದು ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

ಬಯಾಸ್‌ನಲ್ಲಿ ಮಾಯವಾಗುವುದೂ ನಿಂತಿತು. ಆದರೆ ಕಾಪಿ ಆಗೊಮ್ಮೆ ಈಗೊಮ್ಮೆ ನಿಲ್ಲುತ್ತಲೇ ಇತ್ತು.

ಕೊನೆಗೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸ್ಮಾರ್ಟ್‌ಸಿಟಿಎಲ್ ಅನ್ನುವ ಕಮಾಂಡ್ ಓಡಿಸಿದೆ. ಕಪ್ಪು ಪರದೆ, ಟೈಪ್ ಮಾಡುವ ಕಾಟ, ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಇಲ್ಲಿ ಡಿಸ್ಕ್ ತನ್ನನ್ನು ತಾನೇ ಒಳಗೊಳಗೇ ಪರೀಕ್ಷೆ ಮಾಡಿಕೊಳ್ಳುತ್ತದೆ, ಡೇಟಾ ಕೇಬಲ್ ದಾಟುವುದೇ ಇಲ್ಲ. ಹಾಗಾಗಿ ಪಿಸಿ ಹಳೇದು ಅನ್ನುವ ನೆಪ ನಡೆಯುವುದಿಲ್ಲ. ಎರಡು ನಿಮಿಷದ ಶಾರ್ಟ್ ಟೆಸ್ಟ್ ಪಾಸ್. ಇಡೀ ಡಿಸ್ಕ್ ಓದಿ ನೋಡುವ ಲಾಂಗ್ ಟೆಸ್ಟ್ ಅರ್ಧದಲ್ಲೇ ನಿಂತು 'ರೀಡ್ ಫೇಲ್ಯೂರ್' ಅಂತ ಬರೆಯಿತು. 197ರ ಎದುರು 16. ವಿಂಡೋಸ್‌ಗೆ ಬಂದರೆ ಅದೇ ಸಾಲು ಸಿ5 ಅನ್ನುವ ಹೆಸರಲ್ಲಿತ್ತು, ನೀಲಿ ಹೋಗಿ ಹಳದಿ ಆಗಿತ್ತು. ಓದಲಾಗದ 16 ಸೆಕ್ಟರ್, ಅಂದರೆ ಡಿಸ್ಕಿನ ಪುಟ್ಟ ತುಂಡುಗಳು. ಅಂಥ ಜಾಗ ಬಂದಾಗ ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ, ಅಲ್ಲಿವರೆಗೆ ಪಿಸಿ ಕಾಯುತ್ತಾ ಕೂರಬೇಕು.

ಕೇಬಲ್ಲೂ ಕೆಟ್ಟಿತ್ತು, ಡಿಸ್ಕೂ ಕೆಟ್ಟಿತ್ತು. ಅಂಗಡಿಯವರೂ ಅರ್ಧ ಸರಿ, ನಾನೂ ಅರ್ಧ ಸರಿ!

ಇನ್ನೊಮ್ಮೆ ಹೀಗಾದರೆ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ನೋಡುತ್ತೇನೆ. ಸುಲಭ, ಐದು ನಿಮಿಷದ ಕೆಲಸ. ಸಿ7 ಏರುತ್ತಿದ್ದರೆ ಕೇಬಲ್ ಬದಲಿಸುವುದು, ಆಮೇಲೆ ಲಾಂಗ್ ಟೆಸ್ಟ್. ಚೆಕ್‌ಡಿಸ್ಕ್ ಹತ್ತಿರವೂ ಹೋಗುವುದಿಲ್ಲ.

ಲಾಂಗ್ ಟೆಸ್ಟಿನ ಫೋಟೋ ತೋರಿಸಿದ ಮೇಲೆ ಅಂಗಡಿಯವರು ಮಾತಾಡದೆ ವಾರಂಟಿಗೆ ಕಳಿಸಿದರು. ಬದಲಿ ಡಿಸ್ಕ್ ಬಂದ ದಿನ ಪಿಸಿಯನ್ನು ಯುಪಿಎಸ್‌ಗೆ ಹಾಕಿ ಎರಡು ಗಂಟೆ ಲಾಂಗ್ ಟೆಸ್ಟ್ ಓಡಿಸಿದೆ. 197 ಸೊನ್ನೆ, 199 (ವಿಂಡೋಸ್‌ನಲ್ಲಿ ಕಂಡ ಸಿ7 ಇದೇ) ಕೂಡ ಸೊನ್ನೆ. ಬಟವಾಡೆ ಫೈಲ್ ಅದಕ್ಕೆ ಕಾಪಿ ಮಾಡಿದ್ದು ಆಮೇಲೇ.