ಸಾಖರ್‌ಟೋರ್ಟೆ: ಹೋಟೆಲ್ ಸಾಖರ್‌ನದೋ, ಡೆಮೆಲ್‌ನದೋ?

ವಿಯೆನ್ನಾದಲ್ಲಿ ಈ ಚಾಕೊಲೇಟ್ ಕೇಕನ್ನು ಒಂದೇ ಕಡೆ ತಿನ್ನಲು ಸಮಯವಿರುವವರು ಒಪೆರಾ ಭವನದ ಹಿಂದಿನ ಹೋಟೆಲ್ ಸಾಖರ್ ಮತ್ತು ಕೋಲ್‌ಮಾರ್ಕ್ಟ್ ಬೀದಿಯ ಡೆಮೆಲ್ ಎಂಬ ಕೇಕಿನಂಗಡಿಯ ನಡುವೆ ಆರಿಸಿಕೊಳ್ಳಬೇಕಾಗುತ್ತದೆ. 1832ರಲ್ಲಿ ಇದನ್ನು ಮೊದಲು ತಯಾರಿಸಿದನೆಂದು ಹೇಳಲಾಗುವ ಫ್ರಾನ್ಜ್ ಸಾಖರ್‌ನ ಮಗ ಎಡುವಾರ್ಡ್ ಡೆಮೆಲ್‌ನಲ್ಲಿ ಕೆಲಸ ಕಲಿತು, 1876ರಲ್ಲಿ ಸ್ವಂತ ಹೋಟೆಲ್ ತೆರೆದುದರಿಂದ, ಹೆಸರಿನ ಮೇಲೆ ಹಕ್ಕು ಸಾಧಿಸಲು ಇಬ್ಬರಿಗೂ ಆಧಾರವಿತ್ತು. ವರ್ಷಗಟ್ಟಲೆ ಎಳೆದ ವ್ಯಾಜ್ಯ 1963ರಲ್ಲಿ ರಾಜಿಯಾಗಿ, ‘ಮೂಲ’ ಎಂಬ ವಿಶೇಷಣವೂ ದುಂಡನೆಯ ಚಾಕೊಲೇಟ್ ಮುದ್ರೆಯೂ ಹೋಟೆಲಿನ ಪಾಲಾದವು. ಡೆಮೆಲ್‌ಗೆ ಎಡುವಾರ್ಡ್‌ನ ಹೆಸರು ಮತ್ತು ತ್ರಿಕೋನ ಮುದ್ರೆ ಉಳಿದವು.

ತಿನ್ನುವವರಿಗೆ ಮುದ್ರೆಗಿಂತ ಮುಖ್ಯವಾದುದು ಏಪ್ರಿಕಾಟ್ ಜಾಮ್. ಸಾಖರ್‌ನಲ್ಲಿ ಕೇಕನ್ನು ಅಡ್ಡಲಾಗಿ ಸೀಳಿ ನಡುವೆಯೂ, ಹೊರಗಿನ ಚಾಕೊಲೇಟ್ ಲೇಪದ ಅಡಿಯಲ್ಲೂ ಜಾಮ್ ಸವರುತ್ತಾರೆ. ಡೆಮೆಲ್‌ನಲ್ಲಿ ಲೇಪದ ಅಡಿಯಲ್ಲಿ ಮಾತ್ರ. ಕೇಕು ಸ್ವಭಾವತಃ ತುಸು ಒಣಗಿದಂತಿರುವುದರಿಂದ (ಸಕ್ಕರೆಯಿಲ್ಲದ ಕಡೆದ ಕೆನೆಯನ್ನು ಜೊತೆಗೆ ಬಡಿಸುವುದು ಇದಕ್ಕೇ ಇರಬೇಕು) ನಡುವಿನ ಹುಳಿಸಿಹಿ ಪದರ ನನಗೆ ಅಗತ್ಯವೆನಿಸುತ್ತದೆ. ಆದಕಾರಣ ನನ್ನ ಮತ ಸಾಖರ್‌ಗೆ. ಚಾಕೊಲೇಟಿನ ರುಚಿಯೇ ಮುಂದಿರಬೇಕೆನ್ನುವವರು ಡೆಮೆಲ್‌ಗೆ ಹೋಗಬಹುದು. ಮೊಟ್ಟೆಯ ಬಿಳಿಭಾಗವನ್ನು ನೊರೆಯೆಬ್ಬಿಸಿ ಬೆರೆಸುವ ಕೇಕಾದ್ದರಿಂದ, ಮೊಟ್ಟೆ ತಿನ್ನದವರಿಗೆ ಎರಡೂ ಸಲ್ಲವು.