ಬೀಟ್ಸ್ ಸ್ಟುಡಿಯೋ ಪ್ರೊ: ಡಾ. ಡ್ರೆ ಅವರ ಕಿವಿಗೆ ತಕ್ಕ ಹೆಡ್‌ಫೋನೇ?

ಹೆಸರಾಂತ ಕಲಾವಿದರ ಹೆಸರು ಹೊತ್ತು ಮಾರುಕಟ್ಟೆಗೆ ಬರುವ ಸರಕುಗಳಲ್ಲಿ ಹೆಚ್ಚಿನವಕ್ಕೂ ಆ ಕಲಾವಿದರ ಕಸುಬಿಗೂ ಹೇಳಿಕೊಳ್ಳುವಂಥ ನಂಟು ಇರುವುದಿಲ್ಲ. ಬೀಟ್ಸ್ ಹೆಡ್‌ಫೋನುಗಳ ಮಾತು ಬೇರೆ. ಬೀಟ್ಸ್ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರೂ ಅಮೆರಿಕದ ಹಿಪ್ ಹಾಪ್ ಸಂಗೀತದಲ್ಲಿ ನಾಲ್ಕು ದಶಕಗಳಿಂದ ಗಟ್ಟಿಯಾಗಿ ನಿಂತಿರುವವರೂ ಆದ ಡಾ. ಡ್ರೆ, ಅಂದರೆ 1965ರಲ್ಲಿ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ ಹುಟ್ಟಿದ ಆಂಡ್ರೆ ಯಂಗ್, ಮೂಲತಃ ಕೇಳುವುದರಲ್ಲಿ ನಿಷ್ಣಾತರು. ಹಾಡುವುದು, ರ‍್ಯಾಪ್ ಮಾಡುವುದು ಅವರಿಗೆ ಎರಡನೆಯದು. ಆದ್ದರಿಂದ ಸ್ಟುಡಿಯೋ ಪ್ರೊ ಮಾದರಿಯನ್ನು ಬಹಳ ದಿನ ಬಳಸಿ ಈ ವಿಮರ್ಶೆ ಬರೆಯುವಾಗ ನನ್ನ ಮುಂದಿದ್ದ ಮುಖ್ಯ ಪ್ರಶ್ನೆ, ಆ ಕಿವಿಯ ಗುಣ ಇದರಲ್ಲಿ ಎಷ್ಟು ಉಳಿದಿದೆ ಎಂಬುದೇ ಆಗಿತ್ತು.

1980ರ ದಶಕದ ಆರಂಭದಲ್ಲಿ ಡ್ರೆ ಕ್ಲಬ್‌ಗಳಲ್ಲಿ ಡಿಜೆ ಆಗಿದ್ದರು. ಅನಂತರ ಎನ್‌ಡಬ್ಲ್ಯೂಎ ಎಂಬ ರ‍್ಯಾಪ್ ತಂಡದ ಧ್ವನಿಯನ್ನು ರೂಪಿಸಿದರು. 1992ರ ಡಿಸೆಂಬರ್‌ನಲ್ಲಿ ಹೊರಬಂದ ಅವರ ಮೊದಲ ಸ್ವಂತ ಆಲ್ಬಮ್ ವೆಸ್ಟ್ ಕೋಸ್ಟ್ (ಅಮೆರಿಕದ ಪಶ್ಚಿಮ ಕರಾವಳಿ) ರ‍್ಯಾಪ್‌ನ ದಾರಿಯನ್ನೇ ಬದಲಿಸಿತು. ಹಳೆಯ ಫಂಕ್ ಹಾಡುಗಳ ತುಣುಕುಗಳನ್ನು ಕತ್ತರಿಸಿ ಅಂಟಿಸುವುದಕ್ಕಿಂತ ವಾದ್ಯಗಾರರನ್ನು ಕೂರಿಸಿ ಅವನ್ನು ಹೊಸದಾಗಿ ನುಡಿಸಿಸುವುದಕ್ಕೆ ಅವರು ಒಲವು ತೋರಿದರು. ತಳದಲ್ಲಿ ದಪ್ಪನೆಯ ಬೇಸ್, ಮೇಲೆ ತಾರಸ್ಥಾಯಿಯಲ್ಲಿ ತೆಳುವಾಗಿ ಎಳೆದುಕೊಂಡು ಹೋಗುವ ಸಿಂಥಸೈಜರ್, ಈ ಎರಡರ ನಡುವೆ ರ‍್ಯಾಪರ್‌ನ ದನಿಗೆಂದೇ ಖಾಲಿ ಬಿಟ್ಟ ಜಾಗ: ಜಿ-ಫಂಕ್ ಎಂದು ಕರೆಯಲಾಗುವ ಈ ಶೈಲಿಯ ಕಟ್ಟಡ ಇಷ್ಟೇ ಸರಳ. ಆದರೆ ಆ ಖಾಲಿ ಜಾಗವನ್ನು ಕಾಯ್ದುಕೊಳ್ಳಲು ಬೇಕಾದ ಸಂಯಮ ಎಲ್ಲರಿಗೂ ಒಲಿಯುವಂಥದ್ದಲ್ಲ.

ಅವರು ಸಂಗೀತದಲ್ಲಿ ಇಷ್ಟು ದೀರ್ಘಕಾಲ ಬಾಳಿದ ಗುಟ್ಟೂ ಇದೇ ಸಂಯಮದಲ್ಲಿದೆ ಎಂಬುದು ನನ್ನ ನಂಬಿಕೆ. 1992, 1999 ಮತ್ತು 2015ರಲ್ಲಿ ಬಂದ ಮೂರೇ ಮೂರು ಸ್ವಂತ ಆಲ್ಬಮ್‌ಗಳು ಅವರ ಹೆಸರಿನಲ್ಲಿವೆ. ಉಳಿದ ಕಾಲವನ್ನು ಅವರು ಸ್ನೂಪ್ ಡಾಗ್, ಎಮಿನೆಮ್, 50 ಸೆಂಟ್, ಕೆಂಡ್ರಿಕ್ ಲಮಾರ್ ಅವರಂಥ ಬೇರೆಯವರ ದನಿಯನ್ನು ಬೆಳೆಸುವುದಕ್ಕೆ ಕೊಟ್ಟರು. 2021ರ ಜನವರಿಯಲ್ಲಿ ಮಿದುಳಿನ ರಕ್ತನಾಳದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ ಅವರು ಮರುವರ್ಷದ ಫೆಬ್ರವರಿಯಲ್ಲೇ ಇವರನ್ನೆಲ್ಲ ಜೊತೆಗಿಟ್ಟುಕೊಂಡು ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯದ ವಿರಾಮದ ವೇಳೆ ಕಾರ್ಯಕ್ರಮ ಕೊಟ್ಟದ್ದು, ಆ ದೀರ್ಘ ದುಡಿಮೆಯ ಫಲವನ್ನು ಒಂದೇ ವೇದಿಕೆಯಲ್ಲಿ ಕಾಣಿಸಿತು.

ಬೀಟ್ಸ್ ಸಂಸ್ಥೆಯನ್ನು ಅವರು 2006ರಲ್ಲಿ ಇಂಟರ್‌ಸ್ಕೋಪ್ ರೆಕಾರ್ಡ್ಸ್ ಎಂಬ ಸಂಗೀತ ಸಂಸ್ಥೆಯ ಜಿಮ್ಮಿ ಅಯೋವಿನ್ ಜೊತೆಗೂಡಿ ಆರಂಭಿಸಿದರು. ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ತಿದ್ದಿದ ಧ್ವನಿಯನ್ನು ಜನ ಅಗ್ಗದ ಇಯರ್‌ಫೋನ್‌ಗಳಲ್ಲಿ ಕೇಳಿ ಅರ್ಧವನ್ನೂ ಅನುಭವಿಸುತ್ತಿಲ್ಲವೆಂಬ ಕೊರಗು ಅದರ ಹಿಂದಿತ್ತು. 2008ರಲ್ಲಿ 349 ಡಾಲರ್ ಬೆಲೆಗೆ ಬಂದ ಮೊದಲ ಸ್ಟುಡಿಯೋ ಮಾದರಿಯಲ್ಲಿ ಬೇಸ್ ಎಷ್ಟು ಮುಂದಿತ್ತೆಂದರೆ, ಧ್ವನಿ ತಜ್ಞರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಯುವಜನರು ಮಾತ್ರ ಅದನ್ನು ಕೊರಳಿಗೆ ಹಾಕಿಕೊಂಡೇ ಓಡಾಡಿದರು. 2014ರಲ್ಲಿ ಆಪಲ್ ಇಡೀ ಸಂಸ್ಥೆಯನ್ನು 300 ಕೋಟಿ ಡಾಲರಿಗೆ ಕೊಂಡಿತು. ಅದಕ್ಕೂ ಒಂದು ವರ್ಷ ಮೊದಲು ಡ್ರೆ ಮತ್ತು ಅಯೋವಿನ್ ಇಬ್ಬರೂ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 7 ಕೋಟಿ ಡಾಲರ್ ಕೊಟ್ಟು, ಕಲೆ, ತಂತ್ರಜ್ಞಾನ ಮತ್ತು ವ್ಯವಹಾರಗಳನ್ನು ಒಟ್ಟಿಗೆ ಕಲಿಸುವ ಅಕಾಡೆಮಿಯೊಂದನ್ನು ಕಟ್ಟಿಸಿದ್ದರು. ನನ್ನ ದೃಷ್ಟಿಯಲ್ಲಿ ಅವರ ಸಂಗೀತೇತರ ಸಾಹಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

2023ರ ಜುಲೈಯಲ್ಲಿ ಬಿಡುಗಡೆಯಾದ ಸ್ಟುಡಿಯೋ ಪ್ರೊ ಆಪಲ್ ಕೈಕೆಳಗೆ ತಯಾರಾದದ್ದು. ಅಮೆರಿಕದಲ್ಲಿ ಇದರ ಬೆಲೆ ಹೆಚ್ಚೂಕಡಿಮೆ 2008ರ ಬೆಲೆಯೇ. ಭಾರತದಲ್ಲಿ ಬಿಡುಗಡೆಯಾದಾಗ 37,900 ರೂಪಾಯಿ ಇತ್ತು. 260 ಗ್ರಾಂ ತೂಕ, ಧ್ವನಿ ಹೊರಡಿಸುವ 40 ಮಿಲಿಮೀಟರಿನ ಡ್ರೈವರ್‌ಗಳು, ಹೊರಗಿನ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹಾಕಿದಾಗ 24 ಗಂಟೆ ಹಾಗೂ ತೆಗೆದಾಗ 40 ಗಂಟೆಯವರೆಗೆ ಬಾಳುವ ಬ್ಯಾಟರಿ ಇದಕ್ಕಿವೆ.

ಧ್ವನಿಯ ವಿಷಯದಲ್ಲಿ ನನಗೆ ಸಂತೋಷ ತಂದದ್ದು ಬೇಸ್‌ನ ನಡತೆ. ಹಳೆಯ ಬೀಟ್ಸ್‌ನಲ್ಲಿ ಬೇಸ್ ಉಳಿದೆಲ್ಲದರ ಮೇಲೆ ಹರಡಿಕೊಳ್ಳುತ್ತಿತ್ತು. ಇಲ್ಲಿ ಅದು ತನ್ನ ಜಾಗದಲ್ಲಿ ನಿಂತು, ಬಾರಿಸಿದ ಕ್ಷಣಕ್ಕೆ ಮೂಡಿ ಮುಗಿಯಬೇಕಾದಲ್ಲಿ ಮುಗಿಯುತ್ತದೆ. ಡ್ರೆ ಅವರ 1999ರ ಆಲ್ಬಮ್ಮನ್ನು ಇದರಲ್ಲಿ ಕೇಳಿದರೆ, ಪಿಯಾನೋದ ಗಟ್ಟಿ ಹೊಡೆತಕ್ಕೂ ಕೆಳಗಿನ ಬೇಸ್‌ಗೂ ನಡುವೆ ಅವರು ಬಿಟ್ಟಿರುವ ಆ ಖಾಲಿ ಜಾಗ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ, ಮತ್ತು ಅವರು ಒಂದೊಂದು ಪದ್ಯವನ್ನು ಮತ್ತೆ ಮತ್ತೆ ಹೇಳಿಸಿ ಧ್ವನಿಮುದ್ರಿಸುವರೆಂಬ ಖ್ಯಾತಿ ಏಕೆ ಬಂತೆಂಬುದು ಅರ್ಥವಾಗುತ್ತದೆ.

ಕನ್ನಡಿಗರು ಇದರಲ್ಲಿ ರ‍್ಯಾಪ್ ಒಂದನ್ನೇ ಕೇಳುವುದಿಲ್ಲವಾದ್ದರಿಂದ, ನಾನು ಇದನ್ನು ಯಕ್ಷಗಾನದ ಧ್ವನಿಮುದ್ರಣಗಳಿಂದಲೂ ಪರೀಕ್ಷಿಸಿದೆ. ಮದ್ದಳೆಯ ತುಂಬು ನಾದ ಸೊಗಸಾಗಿ ಬರುತ್ತದೆ, ಭಾಗವತರ ದನಿಯೂ ಸ್ವಚ್ಛ. ಚೆಂಡೆ ಏರುಗತಿಗೆ ಹೋದಾಗ ಮಾತ್ರ ಪೆಟ್ಟಿನ ತುದಿ ನನ್ನ ಕಿವಿಗೆ ಸ್ವಲ್ಪ ಮೊಂಡೆನಿಸಿತು. ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಮೃದಂಗದ ಎಡಭಾಗ ಸಹಜಕ್ಕಿಂತ ಒಂದು ತೂಕ ಹೆಚ್ಚಾಗಿ, ತಂಬೂರಿ ತುಸು ಹಿಂದಕ್ಕೆ ಸರಿದಂತೆ ಕೇಳುತ್ತದೆ. ರಾಜ್‌ಕುಮಾರ್ ಕಾಲದ ಹಳೆಯ ಚಿತ್ರಗೀತೆಗಳಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಆ ಧ್ವನಿಮುದ್ರಣಗಳಲ್ಲಿ ತೆಳುವಾಗಿರುವ ತಳಕ್ಕೆ ಇದು ಬೇಕಾದಷ್ಟೇ ಮೈ ತುಂಬುತ್ತದೆ.

ಯುಎಸ್‌ಬಿ-ಸಿ ತಂತಿಯ ಮೂಲಕ ಫೋನಿಗೆ ಅಥವಾ ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿದರೆ 24 ಬಿಟ್, 48 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಇದು ನಷ್ಟವಿಲ್ಲದೆ ನುಡಿಸುತ್ತದೆ. ಬ್ಲೂಟೂತ್‌ಗಿಂತ ತಂತಿಯಲ್ಲೇ ಇದರ ನಿಜವಾದ ಗುಣ ತಿಳಿಯುವುದರಿಂದ, ಕೊಂಡವರು ಈ ಸೌಲಭ್ಯವನ್ನು ತಪ್ಪದೆ ಬಳಸಬೇಕು. ಆಂಡ್ರಾಯ್ಡ್ ಫೋನುಗಳಿಗೂ ಐಫೋನಿನಷ್ಟೇ ಸುಲಭವಾಗಿ ಇದು ಹೊಂದಿಕೊಳ್ಳುವುದು ನಮ್ಮಲ್ಲಿನ ಬಹುಪಾಲು ಬಳಕೆದಾರರಿಗೆ ಅನುಕೂಲ.

ಕೊರತೆಗಳೂ ಇವೆ. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನಗಳಾದ ಕೋಡೆಕ್‌ಗಳಲ್ಲಿ ಎಎಸಿ ಮತ್ತು ಎಸ್‌ಬಿಸಿ ಬಿಟ್ಟರೆ ಬೇರೆ ಇಲ್ಲ. ಕಿವಿಯಿಂದ ತೆಗೆದಾಗ ಹಾಡು ತಾನಾಗಿ ನಿಲ್ಲುವ ವ್ಯವಸ್ಥೆಯಿಲ್ಲ. ನೀರು ಮತ್ತು ಬೆವರು ತಡೆಯುವ ಅಧಿಕೃತ ಶ್ರೇಣಿಯೂ ಇಲ್ಲದಿರುವುದರಿಂದ ಮಂಗಳೂರಿನ ಸೆಕೆಯಲ್ಲಿ ಇದನ್ನು ಹಾಕಿಕೊಂಡು ನಡೆಯುವುದು ಅಷ್ಟು ಹಿತವಲ್ಲ. ಈ ಬೆಲೆಯ ಹೆಡ್‌ಫೋನಿನಲ್ಲಿ ಇವೆಲ್ಲ ಇರಬೇಕೆಂದು ನಿರೀಕ್ಷಿಸುವುದು ನ್ಯಾಯ.

ಇದರ ಹಿಡಿತ ತುಸು ಬಿಗಿಯಾಗಿರುವುದರಿಂದ, ಕನ್ನಡಕ ಧರಿಸುವವರು ಅಂಗಡಿಯಲ್ಲಿ ಹತ್ತು ನಿಮಿಷವಾದರೂ ಹಾಕಿಕೊಂಡು ಕೂತು ನೋಡಬೇಕು. ಆಗ ಅಂಗಡಿಯವರು ಹಾಕುವ ಮಾದರಿ ಹಾಡನ್ನು ಬಿಟ್ಟು, ತಮಗೆ ಬಾಯಿಪಾಠವಾಗಿರುವ ಹಾಡೊಂದನ್ನು ತಮ್ಮದೇ ಫೋನಿನಿಂದ ತಂತಿಯ ಮೂಲಕ ನುಡಿಸಿ ಕೇಳುವುದು ಒಳ್ಳೆಯದು. ಹಬ್ಬದ ದಿನಗಳಲ್ಲಿ ಆನ್‌ಲೈನ್ ಮಳಿಗೆಗಳು ಬೆಲೆ ಇಳಿಸುವುದುಂಟು. ಅವಸರವಿಲ್ಲದವರು ಅಲ್ಲಿಯವರೆಗೆ ಕಾಯಬಹುದು.