ಮಾಳಿಗೆಯ 5ಜಿ, ಗೂಡಿನ ಫೈಬರ್

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಗೆ ಹತ್ತು ವರ್ಷ ತಾಮ್ರದ ತಂತಿಯ ಮೇಲೆಯೇ ಇಂಟರ್‌ನೆಟ್ ಬರುತ್ತಿತ್ತು. ಆ ತಂತಿಯಲ್ಲಿ ಬಳಸುವ ಎಡಿಎಸ್‌ಎಲ್2+ ತಂತ್ರಜ್ಞಾನ ಗರಿಷ್ಠ 24 ಎಂಬಿಪಿಎಸ್ ಕೊಡಬಲ್ಲದಾದರೂ ಎಕ್ಸ್‌ಚೇಂಜ್‌ನಿಂದ ದೂರ ಹೆಚ್ಚಿದಷ್ಟೂ ವೇಗ ಕುಗ್ಗುವುದರಿಂದ ನಮಗೆ ಸಿಗುತ್ತಿದ್ದುದು 6 ಮಾತ್ರ. ಮಗಳ ತರಗತಿಯೂ ನನ್ನ ಕಚೇರಿಯ ವಿಡಿಯೋ ಸಭೆಯೂ ಒಂದೇ ಹೊತ್ತಿಗೆ ಬರತೊಡಗಿದಾಗ ಇದು ಸಾಲದಾಯಿತು. ಆದ್ದರಿಂದ ಏಪ್ರಿಲ್‌ನಲ್ಲಿ ಗಾಜಿನ ಎಳೆಯೊಳಗೆ ಬೆಳಕಾಗಿ ಬರುವ ಫೈಬರ್ ಮತ್ತು ಮೊಬೈಲ್ ಟವರ್‌ನಿಂದ ಬರುವ 5ಜಿ ವೈರ್‌ಲೆಸ್ ಎರಡನ್ನೂ ಒಟ್ಟಿಗೇ ಹಾಕಿಸಿ, ಎರಡು ತಿಂಗಳು ಬಳಸಿ ನೋಡಿದ ಮೇಲೆ ಒಂದನ್ನು ಉಳಿಸಿಕೊಳ್ಳಲು ನಿರ್ಧರಿಸಿದೆ.

5ಜಿ ಕೂರಿಸಲು ಒಂದು ಮಧ್ಯಾಹ್ನ ಸಾಕಾಯಿತು. ಮಾಳಿಗೆಯ ಕಂಬಕ್ಕೆ ಟವರ್‌ನತ್ತ ಮುಖ ಮಾಡಿ ಬಿಳಿ ಪೆಟ್ಟಿಗೆ ಬಿಗಿದು, ಅಲ್ಲಿಂದ ಪಡಸಾಲೆಯ ರೂಟರ್‌ಗೆ ಒಂದು ಕೇಬಲ್ ಇಳಿಸಿದರು. ಬೆಳಗಿನ ಜಾವ 200 ಎಂಬಿಪಿಎಸ್ ದಾಟುತ್ತಿದ್ದ ವೇಗ ರಾತ್ರಿ ಎಂಟರ ಹೊತ್ತಿಗೆ 25ಕ್ಕೆ ಇಳಿಯುತ್ತಿತ್ತು. ಒಂದೇ ಟವರನ್ನು ಇಡೀ ಬಡಾವಣೆ ಹಂಚಿಕೊಳ್ಳುವಾಗ ಇದು ಸಹಜ. ನಮ್ಮೂರಿನ 42 ಡಿಗ್ರಿ ಬಿಸಿಲಿನಲ್ಲಿ ಆ ಪೆಟ್ಟಿಗೆ ನಡುಮಧ್ಯಾಹ್ನ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತಿತ್ತು. ಮೇಲೆ ತಗಡಿನ ನೆರಳು ಕಟ್ಟಿದ ನಂತರ ಅದು ಕಡಿಮೆಯಾಯಿತೇ ಹೊರತು ಪೂರ್ತಿ ನಿಲ್ಲಲಿಲ್ಲ.

ಫೈಬರ್ ನನ್ನನ್ನು ಒಂಬತ್ತು ದಿನ ಗೋಳಾಡಿಸಿತು. ಗೋಡೆಯ ಗೂಡಿನಲ್ಲಿಟ್ಟ ಹೊಸ ಮೋಡೆಮ್‌ನಲ್ಲಿ ಕೆಂಪು ದೀಪ ಆಗಾಗ ಮಿನುಗಿ ಸಂಪರ್ಕ ಕಡಿದುಹೋಗುತ್ತಿತ್ತು. ದೂರು ಕೊಟ್ಟಾಗಲೆಲ್ಲ ಮೋಡೆಮ್ ಆರಿಸಿ ಹಚ್ಚಿರೆಂಬ ಒಂದೇ ಉತ್ತರ ಬರುತ್ತಿತ್ತು. ಕೊನೆಗೆ ಬಂದ ಹಿರಿಯ ಲೈನ್‌ಮನ್ ಮೀಟರ್ ಹಚ್ಚಿದಾಗ ಬೆಳಕಿನ ಬಲ ಮೈನಸ್ 29 ಡಿಬಿಎಂ ಇತ್ತು. ಡಿಬಿಎಂ ಎಂದರೆ ಆ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಇಂಥ ಮೋಡೆಮ್‌ಗೆ ಅದು ಮೈನಸ್ 27ಕ್ಕಿಂತ ಕೆಳಗಿಳಿಯಬಾರದು. ಕಾರಣ ಕಣ್ಣೆದುರೇ ಇತ್ತು. ಹಸಿರು ತುದಿಯ ಕನೆಕ್ಟರ್‌ನಲ್ಲಿ ಗಾಜಿನ ಎಳೆಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದರಲ್ಲಿ ನೇರವಾಗಿ. ಮೊದಲು ಬಂದವರು ಹಸಿರಿನ ಜಾಗಕ್ಕೆ ನೀಲಿ ತುದಿಯನ್ನು ಸಿಕ್ಕಿಸಿಹೋಗಿದ್ದರಿಂದ ಎರಡು ಎಳೆಗಳ ಮುಖಗಳು ಒಂದನ್ನೊಂದು ಸರಿಯಾಗಿ ಮುಟ್ಟಿರಲಿಲ್ಲ. ಹಸಿರು ತುದಿಯ ತಂತಿ ಹಾಕಿದೊಡನೆ ಮೀಟರ್ ಮೈನಸ್ 21 ತೋರಿಸಿತು, ಅಂದರೆ ಬೆಳಕು ಆರು ಪಟ್ಟಿಗೂ ಹೆಚ್ಚಾಗಿತ್ತು. ಹತ್ತು ನಿಮಿಷದ ಈ ಕೆಲಸವನ್ನು ಮೊದಲ ದಿನವೇ ಯಾರೂ ಮಾಡಲಿಲ್ಲವೆಂಬ ಬೇಸರ ನನಗಿನ್ನೂ ಹೋಗಿಲ್ಲ.

ಈ ನಡುವೆ ನನ್ನಿಂದಲೂ ಒಂದು ತಪ್ಪಾಗಿತ್ತು. ಮೋಡೆಮ್‌ನ ರೀಸೆಟ್ ಗುಂಡಿಯನ್ನು ಸೂಜಿಯಿಂದ ಒತ್ತಿದ್ದರಿಂದ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಪಿಪಿಪಿಒಇ ಹೆಸರು, ಗುಪ್ತಪದ, ಆ ಜಾಲದಲ್ಲಿ ಸಂಪರ್ಕದ ದಾರಿ ಗುರುತಿಸುವ ವಿಲ್ಯಾನ್ ಸಂಖ್ಯೆ ಎಲ್ಲವೂ ಅಳಿಸಿಹೋಗಿದ್ದವು. ಅವನ್ನು ಮತ್ತೆ ತುಂಬಿಸಿಕೊಂಡ ಮೇಲೂ 200 ಎಂಬಿಪಿಎಸ್ ಯೋಜನೆಯಲ್ಲಿ ವೇಗ 94ಕ್ಕೆ ನಿಂತಿತ್ತು. ಲ್ಯಾಪ್‌ಟಾಪ್‌ಗೆ ಹಾಕಿದ್ದ ಹಳೆಯ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ಕಡಿದಿತ್ತು. ಎಂಟೂ ಸರಿಯಿಲ್ಲದೆ ಗಿಗಾಬಿಟ್ (1000 ಎಂಬಿಪಿಎಸ್) ಸಂಪರ್ಕ ಕೂಡುವುದಿಲ್ಲ, 100ಕ್ಕೆ ಇಳಿಯುತ್ತದೆ. ಕೇಬಲ್ ಬದಲಿಸಿದ ಮೇಲೆ 190ರ ಮೇಲೆಯೇ ಉಳಿಯಿತು, ರಾತ್ರಿ ಎಂಟಕ್ಕೂ.

ಎರಡು ಅಡಿ ದಪ್ಪದ ಕಲ್ಲಿನ ಗೋಡೆ ದಾಟುವ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ, ಏಕೆಂದರೆ ಒಳಮನೆಗೆ ಯಾವ ರೂಟರ್‌ನ 5 ಗಿಗಾಹರ್ಟ್ಸ್ ವೈಫೈ ಕೂಡ ತಲುಪಲಿಲ್ಲ. ಅಲ್ಲಿಗೆ ತಂತಿ ಎಳೆದು ಇನ್ನೊಂದು ರೂಟರ್ ಇಡಬೇಕಾಯಿತು. ಕರೆಂಟ್ ಹೋದಾಗ ಮಾತ್ರ ವ್ಯತ್ಯಾಸ ದೊಡ್ಡದು. ಫೈಬರ್ ಮೋಡೆಮ್ ಒಂದನ್ನು 12 ವೋಲ್ಟಿನ ಸಣ್ಣ ಯುಪಿಎಸ್ ಮೂರು ಗಂಟೆ ನಡೆಸಿತು. 5ಜಿಯಲ್ಲಿ ಮಾಳಿಗೆಯ ಪೆಟ್ಟಿಗೆ, ಪಡಸಾಲೆಯ ರೂಟರ್ ಎರಡಕ್ಕೂ ವಿದ್ಯುತ್ ಬೇಕಾದ್ದರಿಂದ ಅದೇ ಯುಪಿಎಸ್ ಒಂದು ಗಂಟೆಗೇ ಸೋತಿತು.

ಫೈಬರ್ ಇನ್ನೂ ಬಾರದ ಹೊರವಲಯದ ಬಡಾವಣೆಗಳಿಗೆ, ವರ್ಷಕ್ಕೊಮ್ಮೆ ಬಾಡಿಗೆಮನೆ ಬದಲಿಸುವವರಿಗೆ 5ಜಿಯೇ ಒಳ್ಳೆಯದೆಂದು ಹೇಳುತ್ತೇನೆ. ನಾನು ಜೂನ್ ಮೊದಲ ವಾರ ಅದನ್ನು ಹಿಂದಿರುಗಿಸಿದೆ. ವಿಲ್ಯಾನ್ ಸಂಖ್ಯೆಯನ್ನೂ ಮೈನಸ್ 21 ಎಂಬುದನ್ನೂ ಬರೆದ ಚೀಟಿಯನ್ನು ಗೂಡಿನ ಒಳಗೋಡೆಗೆ ಅಂಟಿಸಿದ್ದೇನೆ. ಮುಂದೆ ಯಾರೇ ಲೈನ್‌ಮನ್ ಬಂದರೂ ಅದನ್ನೇ ಮೊದಲು ತೋರಿಸುವವನಿದ್ದೇನೆ.